ಸಣ್ಣ ಚಿಪ್ಪುಗಳ ಭಾಷಾಸ್ಪರ್ಧೆ

ಬಟ್ಟೆ ಒಗೆಯುವ ಯಂತ್ರವು ಸಾಕಷ್ಟು ನೀರು ತುಂಬಿದೊಡನೆ ತಾನೇ ನಳವನ್ನು ಮುಚ್ಚುತ್ತದೆ. ವಿದ್ಯುತ್ತಿನ ಮೀಟರು ತಾನೇ ಲೆಕ್ಕವಿಡುತ್ತದೆ. ಚಿದ್ರಿಯ ಮನೆಗಳಲ್ಲಿಯೂ ಇವು ಈಗ ನಿತ್ಯದ ಸಂಗತಿಗಳು. ಇಂಥ ಯಂತ್ರಗಳೊಳಗೆ ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಚಿಪ್ಪು ಇರುತ್ತದೆ. ಎಣಿಸುವ ಅಂಗ, ನೆನಪಿಡುವ ಅಂಗ, ಹೊರಗಿನ ಸುದ್ದಿ ತಿಳಿದು ಅಪ್ಪಣೆ ಕೊಡುವ ಅಂಗ, ಈ ಮೂರೂ ಅದೊಂದರಲ್ಲಿಯೇ ಅಡಕವಾಗಿವೆ. ಇವುಗಳ ವ್ಯಾಪಾರದಲ್ಲಿ ನಡೆದಿರುವ ಪೈಪೋಟಿಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಇಲ್ಲಿ ವಿವರಿಸುವೆವು.

ಬೀದರ ಸೀಮೆಯವರಿಗೆ ಇದನ್ನು ತಿಳಿಸುವದು ಕಠಿಣವಲ್ಲ. ನಮ್ಮ ಪೇಟೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಕೇಳಬರುತ್ತವೆ. ಉರ್ದು ಚೀಟಿಯನ್ನು ಕನ್ನಡವೊಂದನ್ನೇ ಕಲಿತವಳು ಓದಲಾರಳು. ವಿಷಯವು ಮಾತ್ರ ಒಂದೇ ಆಗಿರಬಹುದು. ಚಿಪ್ಪುಗಳಿಗೂ ಹಾಗೆಯೇ ಬೇರೆ ಬೇರೆ ಆಜ್ಞಾಭಾಷೆಗಳುಂಟು. ಕೂಡು, ಹೋಲಿಸು, ನೆನಪಿಡು ಎಂಬ ಅಪ್ಪಣೆಗಳನ್ನು ಯಾವ ಅಂಕಗಳಿಂದ ಬರೆಯಬೇಕೆಂಬ ಕಟ್ಟಳೆಗೆ ಆರ್ಕಿಟೆಕ್ಚರ್ ಎನ್ನುವರು.

ಇಂಟೆಲ್ ಕಂಪನಿಯು 1980ರಲ್ಲಿ 8051 ಎಂಬ ಚಿಪ್ಪನ್ನು ಹೊರತಂದಿತು. ಅದು ಒಂದು ಸಲಕ್ಕೆ 8 ಬಿಟ್ಟುಗಳನ್ನು ಎಣಿಸುವಂಥದು. ಇತರ ಕಂಪನಿಗಳೂ ಅದೇ ಭಾಷೆಯ ಚಿಪ್ಪುಗಳನ್ನು ಮಾಡಿದವು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಅದು ಬಹುಕಾಲ ಪಾಠವಾಗಿತ್ತು. ಪಿಕ್, ಎವಿಆರ್ ಎಂಬವು ಅದಕ್ಕೆ ಎದುರಾಳಿಗಳಾದವು. ಪಿಕ್ ಮಾರುವ ಮೈಕ್ರೊಚಿಪ್ ಕಂಪನಿಯು 2016ರಲ್ಲಿ ಎವಿಆರ್‌ನ ಒಡೆತನವುಳ್ಳ ಆಟ್ಮೆಲ್ ಕಂಪನಿಯನ್ನೇ ಕೊಂಡುಕೊಂಡಿತು.

ಇಂಗ್ಲೆಂಡಿನ ಕೇಂಬ್ರಿಜಿನಲ್ಲಿ 1990ರಲ್ಲಿ ಹುಟ್ಟಿದ ಆರ್ಮ್ ಕಂಪನಿಯು ಬೇರೆ ದಾರಿ ಹಿಡಿಯಿತು. ಅದು ಚಿಪ್ಪಿನ ನಕ್ಷೆಯನ್ನೂ ಭಾಷೆಯನ್ನೂ ಶುಲ್ಕಕ್ಕೆ ಕೊಟ್ಟು ಬೆಳೆಯಿತು. 2004ರಲ್ಲಿ ಪ್ರಕಟವಾದ ಕಾರ್ಟೆಕ್ಸ್ ಎಂ3 ಎಂಬ 32 ಬಿಟ್ಟಿನ ನಕ್ಷೆಯನ್ನು ಅನೇಕ ತಯಾರಕರು ಕೊಂಡರು. ಹಲವರ ಚಿಪ್ಪುಗಳು ಒಂದೇ ಭಾಷೆಯಾಡಿದ್ದರಿಂದ ಸಲಕರಣೆ, ಪುಸ್ತಕ, ಬಲ್ಲವರು, ಎಲ್ಲವೂ ಅತ್ತಲೇ ಕೂಡಿದವು. ಈ ಪೈಪೋಟಿಯಲ್ಲಿ ಅಗ್ಗದ ಬೆಲೆಯೊಂದರಿಂದಲೇ ಗೆಲುವಾಗುವದಿಲ್ಲ. ಭಾಷೆಯನ್ನು ಬಲ್ಲವರ ಸಂಖ್ಯೆಯಿಂದ ಆಗುವದು.

ಆದರೆ ಒಂದೇ ಚಿಪ್ಪಿಗೆ ಕಟ್ಟುಬಿದ್ದವನಿಗೆ ಅಪಾಯವೂ ಉಂಟು. 2021ರಲ್ಲಿ ಚಿಪ್ಪುಗಳ ಅಭಾವವುಂಟಾದಾಗ ಲೋಕದಲ್ಲೆಲ್ಲ ಕಾರಿನ ಕಾರ್ಖಾನೆಗಳು ಕೆಲಸ ನಿಲ್ಲಿಸಬೇಕಾಯಿತು. ಒಂದು ಚಿಪ್ಪಿನ ಬದಲಿಗೆ ಇನ್ನೊಂದನ್ನು ಕೂಡಿಸಬೇಕಾದರೆ ಅಪ್ಪಣೆಗಳನ್ನು ತಿದ್ದಿ ಮತ್ತೆ ಪರೀಕ್ಷಿಸಬೇಕಾಗುವದು.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಆರಂಭವಾದ ರಿಸ್ಕ್ ಫೈವ್ ಎಂಬ ಭಾಷೆಯನ್ನಾದರೋ ಯಾರೂ ಶುಲ್ಕವಿಲ್ಲದೆ ಬಳಸಬಹುದು. ಚಿಪ್ಪು ಪುಕ್ಕಟೆಯೆಂದು ಇದರ ಅರ್ಥವಲ್ಲ. ನಕ್ಷೆ, ಪರೀಕ್ಷೆ, ತಯಾರಿಕೆಗಳ ವೆಚ್ಚವು ಇದ್ದೇ ಇರುವದು. ಮದರಾಸಿನ ಐಐಟಿಯ ಶಕ್ತಿ, ಸಿ-ಡ್ಯಾಕ್ ಸಂಸ್ಥೆಯ ತೇಜಸ್ 32 ಇವು ಈ ಭಾಷೆಯವೇ. ಭಾರತ ಸರಕಾರವು 2022ರಲ್ಲಿ ಇದಕ್ಕೆಂದೇ ಒಂದು ಕಾರ್ಯಕ್ರಮವನ್ನು ಸಾರಿತು. 2024ರಲ್ಲಿ ರಾಸ್ಪ್‌ಬೆರಿ ಪೈ ಕಂಪನಿಯ ಆರ್‌ಪಿ 2350 ಎಂಬ ಚಿಪ್ಪಿನಲ್ಲಿ ಆರ್ಮ್, ರಿಸ್ಕ್ ಫೈವ್ ಎರಡೂ ಒಟ್ಟಿಗೆ ಸೇರಿಬಂದವು.

ನಮ್ಮ ಮಕ್ಕಳಿಗೆ ಇದರಿಂದಾಗುವ ಬೋಧೆಯೇನು? ಒಂದೇ ಚಿಪ್ಪನ್ನು ಬಾಯಿಪಾಠ ಮಾಡಿದವಳ ವಿದ್ಯೆಯು ಆ ಚಿಪ್ಪಿನ ಮಾರಾಟದೊಡನೆಯೇ ತಗ್ಗುವದು. ಲೆಕ್ಕ, ತರ್ಕ, ವಿದ್ಯುತ್ತಿನ ನಿಯಮ ಇವುಗಳನ್ನು ಚೆನ್ನಾಗಿ ಕಲಿತು, ಸಿ ಎಂಬ ಸಾಮಾನ್ಯ ಭಾಷೆಯಲ್ಲಿ ಬರೆಯಬಲ್ಲವಳಿಗೆ ಬೇರೆ ಚಿಪ್ಪು ಬಂದರೂ ಅಂಜಿಕೆಯಿಲ್ಲ. ಕಂಪೈಲರ್ ಎಂಬ ಭಾಷಾಂತರ ಸಾಧನವು ಅವಳ ಬರಹವನ್ನು ಆಯಾ ಚಿಪ್ಪಿನ ಭಾಷೆಗೆ ತಿರುಗಿಸುವದು. ನಾಲ್ಕು ಭಾಷೆಗಳ ನಡುವೆ ಬೆಳೆದ ನಮ್ಮ ಸೀಮೆಯ ಹುಡುಗಿಯರಿಗೆ ಐದನೆಯದೊಂದು ಭಾರವಾಗಲಾರದೆಂದು ನಂಬುತ್ತೇವೆ.