ಮೂರು ವಾರವಾದರೂ ಬಿಡದ ಜ್ವರ: ಬ್ರುಸೆಲ್ಲೋಸಿಸ್ ಪತ್ತೆ ತಡವಾಗುವುದೇಕೆ?

ಸಂಜೆಯಾದರೆ ಮೈ ಬಿಸಿ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಬೆಳಗ್ಗೆ ಎದ್ದರೆ ಜ್ವರ ಬಂದೇ ಇಲ್ಲವೇನೋ ಎಂಬಂತೆ ಹಗುರ. ಮಲೇರಿಯಾ, ಡೆಂಗ್ಯೂ ನೆಗೆಟಿವ್. ವೈಡಾಲ್ ಪರೀಕ್ಷೆ ಅಲ್ಪಸ್ವಲ್ಪ ಪಾಸಿಟಿವ್ ಬಂದಿದ್ದಕ್ಕೆ ಟೈಫಾಯ್ಡ್ ಔಷಧವೂ ಆಯಿತು. ಜ್ವರ ಮಾತ್ರ ಮತ್ತೆ ಮತ್ತೆ ಬರುತ್ತಿದೆ. ಇಂಥ ರೋಗಿಗಳಲ್ಲಿ ನೆನಪಾಗಬೇಕಾದ, ಆದರೆ ಹಲವು ಬಾರಿ ಮರೆತೇ ಹೋಗುವ ಕಾಯಿಲೆ ಬ್ರುಸೆಲ್ಲೋಸಿಸ್.

ದನ ಸಾಕುವವರಿಗೆ ಇದು ಹೊಸದೇನಲ್ಲ. ಗಬ್ಬದ ಹಸು, ಎಮ್ಮೆ ಐದನೇ ತಿಂಗಳ ನಂತರ ಕಂದು ಹಾಕಿದರೆ ಪಶುವೈದ್ಯರು ಮೊದಲು ಅನುಮಾನಿಸುವುದು ಇದನ್ನೇ. ಮನುಷ್ಯರಲ್ಲಿ ಇದರ ರೋಗಾಣುವನ್ನು 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಬ್ರೂಸ್ ಗುರುತಿಸಿದರು. ಅದು ಮೇಕೆ ಹಾಲಿನಿಂದ ಬರುತ್ತಿದೆ ಎಂದು ಗೊತ್ತಾಗಲು 1905ರವರೆಗೆ ಕಾಯಬೇಕಾಯಿತು.

ನಾವು ಹಾಲು ಕಾಯಿಸಿಯೇ ಕುಡಿಯುತ್ತೇವಲ್ಲ ಎನ್ನಬಹುದು. ನಿಜ, ಚೆನ್ನಾಗಿ ಕುದಿಸಿದರೆ ರೋಗಾಣು ಸಾಯುತ್ತದೆ. ಆದರೆ ಕರೆದ ಕೂಡಲೇ ನೊರೆಹಾಲು ಕುಡಿಯುವವರು ಈಗಲೂ ಇದ್ದಾರೆ. ಕರು ಹಾಕಿಸುವಾಗ, ಬರಿಗೈಯಲ್ಲಿ ಮಾಸು ತೆಗೆಯುವಾಗ ಚರ್ಮದ ಸಣ್ಣ ಗಾಯದಿಂದಲೂ ಸೋಂಕು ತಗಲುತ್ತದೆ. ಕುರಿಗಾಹಿಗಳು, ಪಶುವೈದ್ಯರು, ಕಸಾಯಿಖಾನೆ ಕೆಲಸಗಾರರಿಗೆ ಅಪಾಯ ಹೆಚ್ಚು. ಕರ್ನಾಟಕದಲ್ಲಿ ವಿಜಯಪುರ, ಬೆಳಗಾವಿ ಭಾಗದ ವೈದ್ಯರು ಮಕ್ಕಳೂ ಸೇರಿದಂತೆ ಹಲವು ಪ್ರಕರಣಗಳನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಿಸಿದ್ದಾರೆ.

ಸೋಂಕು ತಗಲಿದ ಎರಡರಿಂದ ನಾಲ್ಕು ವಾರಕ್ಕೆ, ಕೆಲವೊಮ್ಮೆ ತಿಂಗಳುಗಳ ನಂತರ ಜ್ವರ ಶುರುವಾಗುತ್ತದೆ. ಹಬ್ಬಕ್ಕೆ ಊರಿಗೆ ಹೋಗಿ ಕೊಟ್ಟಿಗೆಯಲ್ಲಿ ಕೈಜೋಡಿಸಿದವರು ಪುಣೆಗೋ ಮುಂಬೈಗೋ ಮರಳಿದ ಮೇಲೆ ಮಲಗುತ್ತಾರೆ. ಅಲ್ಲಿನ ವೈದ್ಯರಿಗೆ ದನದ ವಿಷಯ ಕೇಳಬೇಕೆನಿಸುವುದಿಲ್ಲ, ರೋಗಿಗೆ ಹೇಳಬೇಕೆನಿಸುವುದಿಲ್ಲ. ಪತ್ತೆ ತಪ್ಪುವುದು ಬಹುಪಾಲು ಇಲ್ಲೇ.

ಪರೀಕ್ಷೆ ಹೇಗೆ?

ಮಾಮೂಲಿ ರಕ್ತಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ, ವೈದ್ಯರು ಹೆಸರಿಸಿಯೇ ಬರೆದುಕೊಡಬೇಕು. ಮೊದಲ ಹಂತಕ್ಕೆ ರೋಸ್ ಬೆಂಗಾಲ್ ಪರೀಕ್ಷೆ ಸಾಕು. ಅಗ್ಗ, ಕೆಲವೇ ನಿಮಿಷದ ಕೆಲಸ. ಪಾಸಿಟಿವ್ ಬಂದರೆ ಟ್ಯೂಬ್ ಅಗ್ಲುಟಿನೇಶನ್ ಅಥವಾ ಎಲೈಸಾದಿಂದ ಖಚಿತಪಡಿಸಿಕೊಳ್ಳಬೇಕು. ಅಗ್ಲುಟಿನೇಶನ್‌ನಲ್ಲಿ 1:160 ಅಥವಾ ಅದಕ್ಕಿಂತ ಹೆಚ್ಚು ಬಂದು, ರೋಗಲಕ್ಷಣವೂ ಹೊಂದಿದರೆ ಸೋಂಕು ಎಂದು ಪರಿಗಣಿಸುವುದು ರೂಢಿ. ಆದರೆ ಅಂಕಿ ಒಂದನ್ನೇ ನಂಬುವಂತಿಲ್ಲ. ವರ್ಷಗಟ್ಟಲೆ ದನಗಳ ನಡುವೆ ಇರುವವರ ರಕ್ತದಲ್ಲಿ ಹಳೆಯ ಪ್ರತಿಕಾಯಗಳು ಉಳಿದಿರಬಹುದು. ಎರಡು ವಾರ ಬಿಟ್ಟು ಮತ್ತೆ ಪರೀಕ್ಷಿಸಿದಾಗ ಪ್ರಮಾಣ ನಾಲ್ಕು ಪಟ್ಟು ಏರಿದ್ದರೆ ಅನುಮಾನ ಉಳಿಯುವುದಿಲ್ಲ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಬ್ಲಡ್ ಕಲ್ಚರ್. ತೊಡಕೆಂದರೆ ಈ ರೋಗಾಣು ನಿಧಾನವಾಗಿ ಬೆಳೆಯುತ್ತದೆ, ಬೇಗ ಮುಗಿಸಿದ ಕಲ್ಚರ್‌ನಲ್ಲಿ ತಪ್ಪಿಹೋಗಬಹುದು. ಆಂಟಿಬಯೋಟಿಕ್ ಮೊದಲೇ ಕೊಟ್ಟಿದ್ದರೆ ಇನ್ನೂ ಕಷ್ಟ. ಆಗ ಮೂಳೆಮಜ್ಜೆಯ ಕಲ್ಚರ್ ನೆರವಿಗೆ ಬರುತ್ತದೆ. ಸ್ಯಾಂಪಲ್ ಕಳಿಸುವಾಗ ಬ್ರುಸೆಲ್ಲೋಸಿಸ್ ಅನುಮಾನವಿದೆ ಎಂದು ಲ್ಯಾಬ್‌ಗೆ ತಿಳಿಸಲೇಬೇಕು. ರೋಗಾಣು ಗಾಳಿಯ ಮೂಲಕ ಲ್ಯಾಬ್ ಸಿಬ್ಬಂದಿಗೇ ಅಂಟಬಹುದು.

ಕ್ಷಯದೊಂದಿಗೆ ಗೊಂದಲ

ದೀರ್ಘ ಜ್ವರ, ಬೆವರು, ತೂಕ ಇಳಿಕೆ, ಬೆನ್ನುಮೂಳೆಯ ನೋವು. ಇವಿಷ್ಟನ್ನೂ ನೋಡಿದರೆ ನಮ್ಮಲ್ಲಿ ಮೊದಲು ಹೊಳೆಯುವುದು ಟಿಬಿ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಸ್ಟ್ರೆಪ್ಟೊಮೈಸಿನ್ ಬ್ರುಸೆಲ್ಲಾ ಮೇಲೂ ಕೆಲಸ ಮಾಡುವುದರಿಂದ ರೋಗಿ ಕೊಂಚ ಚೇತರಿಸಿಕೊಳ್ಳುತ್ತಾನೆ, ತಪ್ಪು ಅಂದಾಜೇ ಸರಿ ಎನಿಸಿಬಿಡುತ್ತದೆ. ಪತ್ತೆ ತಡವಾದಷ್ಟೂ ಬೆನ್ನುಮೂಳೆ, ಕೀಲು, ವೃಷಣಕ್ಕೆ ತೊಂದರೆಯಾಗುವ ಅಪಾಯ ಹೆಚ್ಚು. ಅಪರೂಪಕ್ಕೆ ಹೃದಯದ ಕವಾಟಕ್ಕೆ ಹಬ್ಬಿ ಜೀವಕ್ಕೇ ಕುತ್ತು ತರುತ್ತದೆ.

ಕಾಯಿಲೆ ಖಚಿತವಾದರೆ ಚಿಕಿತ್ಸೆ ದುಬಾರಿಯೂ ಅಲ್ಲ. ಸಾಮಾನ್ಯವಾಗಿ ಆರು ವಾರ ಡಾಕ್ಸಿಸೈಕ್ಲಿನ್, ಜೊತೆಗೆ ಇನ್ನೊಂದು ಔಷಧ. ಜ್ವರ ಇಳಿಯಿತೆಂದು ಮಧ್ಯದಲ್ಲೇ ಮಾತ್ರೆ ನಿಲ್ಲಿಸಿದವರಿಗೆ ಅದು ಮರುಕಳಿಸುತ್ತದೆ. ಒಬ್ಬರಿಗೆ ಪಾಸಿಟಿವ್ ಬಂದರೆ ಅದೇ ಹಾಲು ಕುಡಿದ, ಅದೇ ಕೊಟ್ಟಿಗೆಯಲ್ಲಿ ದುಡಿದ ಮನೆಯವರನ್ನೂ ಪರೀಕ್ಷಿಸಬೇಕು, ಊರಿನ ಪಶುವೈದ್ಯರಿಗೂ ಸುದ್ದಿ ಮುಟ್ಟಿಸಬೇಕು. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಹಾಕುವ ಬ್ರುಸೆಲ್ಲಾ ಲಸಿಕೆ ಕೇಂದ್ರದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಉಚಿತವಾಗಿ ಸಿಗುತ್ತದೆ.