777 ಎಂಬ ಸೋಮಾರಿತನ: ನಮ್ಮ ಸರ್ವರ್‌ನ ಬೀಗ ಯಾರ ಕೈಲಿದೆ?

ನಾನಿರುವ ಪುಟ್ಟ ತಂಡ ಮನೆಗೆಲಸದ ಮಹಿಳೆಯರ ಸಮೀಕ್ಷೆ ಮಾಡುತ್ತಿತ್ತು. ಹೆಸರು, ಫೋನ್ ನಂಬರ್, ಸಂಬಳ, ಮಾಲೀಕರ ಮೇಲಿನ ದೂರು ಎಲ್ಲವೂ ಆಫೀಸಿನ ಒಂದೇ ಲಿನಕ್ಸ್ ಸರ್ವರ್‌ನಲ್ಲಿದ್ದವು. ಅದನ್ನು ಬಳಸುವವರಲ್ಲಿ ಕೆಲವರದ್ದು ವಿಂಡೋಸ್, ಡಿಸೈನ್ ಮಾಡುವವರದ್ದು ಮ್ಯಾಕ್, ನಮ್ಮಿಬ್ಬರದ್ದು ಉಬುಂಟು.

ಒಂದು ದಿನ ವಿಂಡೋಸ್‌ನಿಂದ ಫೈಲ್ ಸೇವ್ ಆಗಲಿಲ್ಲ. ವರದಿ ಕೊಡೋಕೆ ಎರಡೇ ದಿನ ಬಾಕಿ. ನಾನೇ ಕೂತು ಇಡೀ ಫೋಲ್ಡರ್‌ಗೆ 777 ಅನುಮತಿ ಕೊಟ್ಟೆ. ಎಲ್ಲರ ಕೆಲಸವೂ ಸಲೀಸಾಯ್ತು. ಮುಂದಿನ ವಾರ ಬಂದ ವಾಲಂಟಿಯರ್ ಒಬ್ಬರು ಹಳೇ ಫೈಲ್ ಅಂದುಕೊಂಡು ಒಂದು ವಾರ್ಡಿನ ಫಾರಂಗಳನ್ನೆಲ್ಲ ಡಿಲೀಟ್ ಮಾಡಿದ್ರು. ಮತ್ತೆ ಫಾರಂ ತುಂಬಿಸಲು ಹೋದಾಗ ಒಬ್ಬ ಅಕ್ಕ ಕೇಳಿದ್ರು: "ನಮ್ ನಂಬರು ಯಾರ್ ಯಾರ್ ಕೈಗೆ ಸಿಕ್ಕಿದೆ ಮೇಡಂ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ 777 ಅಂದ್ರೆ ಏನು? ಮೊದಲ ಅಂಕಿ ಫೈಲಿನ ಒಡೆಯರಿಗೆ, ಎರಡನೆಯದು ಅವರ ಗುಂಪಿಗೆ, ಮೂರನೆಯದು ಉಳಿದ ಎಲ್ಲರಿಗೆ. ಓದುವ ಹಕ್ಕಿಗೆ 4, ಬರೆಯುವುದಕ್ಕೆ 2, ಚಲಾಯಿಸುವುದಕ್ಕೆ 1. ಕೂಡಿದರೆ 7. ಅಂದರೆ ಸರ್ವರ್‌ನಲ್ಲಿ ಖಾತೆ ಇರುವ ಯಾರಿಗಾದರೂ ಎಲ್ಲ ಹಕ್ಕೂ ಸಿಕ್ಕಂತೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ: ಲಿನಕ್ಸ್‌ನಲ್ಲಿ ಫೈಲ್ ಅಳಿಸುವ ಹಕ್ಕು ಬರುವುದು ಫೋಲ್ಡರ್‌ನಿಂದ. ಫೈಲನ್ನು 'ಓದಲು ಮಾತ್ರ' ಎಂದಿಟ್ಟರೂ, ಫೋಲ್ಡರ್‌ನಲ್ಲಿ ಬರೆಯುವ ಹಕ್ಕಿದ್ದವರು ಅದನ್ನು ಅಳಿಸಬಹುದು.

ಹಾಗಾದರೆ ಮೊದಲು ಸೇವ್ ಯಾಕೆ ಆಗಲಿಲ್ಲ? ವಿಂಡೋಸ್ ಪ್ರತಿಯೊಬ್ಬರ ಹೆಸರಿಗೂ ಪ್ರತ್ಯೇಕ ಅನುಮತಿ ಬರೆದಿಡುವ ಉದ್ದದ ಪಟ್ಟಿ ಬಳಸುತ್ತೆ. ಲಿನಕ್ಸ್‌ಗೆ ಮೂಲತಃ ಆ ಮೂರು ಅಂಕಿಗಳೇ ಸಾಕು. ಇವೆರಡರ ನಡುವೆ ದುಭಾಷಿಯಾಗಿ ನಿಲ್ಲುವುದು ಸಾಂಬಾ ಎಂಬ ಮುಕ್ತ ತಂತ್ರಾಂಶ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಇದನ್ನು ಶುರು ಮಾಡಿದ್ದು 1992ರಲ್ಲಿ. ನಾವು ಏನೂ ಹೇಳದಿದ್ದರೆ ಸಾಂಬಾ ಹೊಸ ಫೈಲಿಗೆ ಹೆಚ್ಚೆಂದರೆ 744 ಕೊಡುತ್ತೆ. ಸೃಷ್ಟಿಸಿದವರು ತಿದ್ದಬಹುದು, ಸಹೋದ್ಯೋಗಿಗಳು ಓದಬಹುದು ಅಷ್ಟೇ. ಸರ್ವರ್ ಕೆಟ್ಟಿರಲಿಲ್ಲ, ನಾವು ಹೇಳಬೇಕಾದ್ದನ್ನು ಹೇಳಿರಲಿಲ್ಲ.

ಲಿನಕ್ಸ್ ಮತ್ತು ಮ್ಯಾಕ್‌ನವರು ಎನ್ಎಫ್ಎಸ್ ಮೂಲಕ ಬಂದರೆ ತೊಂದರೆ ಬೇರೆ. ಅದರ ಸಾಮಾನ್ಯ ವ್ಯವಸ್ಥೆಯಲ್ಲಿ ಸರ್ವರ್ ಮನುಷ್ಯರ ಹೆಸರು ನೋಡಲ್ಲ, ನಂಬರ್ ನೋಡುತ್ತೆ. ಉಬುಂಟುವಿನ ಮೊದಲ ಬಳಕೆದಾರರ ನಂಬರ್ 1000, ಮ್ಯಾಕ್‌ನಲ್ಲಿ 501. ಎರಡು ಉಬುಂಟು ಲ್ಯಾಪ್‌ಟಾಪ್‌ಗಳ ಇಬ್ಬರೂ 1000 ಆಗಿದ್ದರೆ, ಸರ್ವರ್ ಪಾಲಿಗೆ ಅವರಿಬ್ಬರೂ ಒಬ್ಬರೇ! ಯಾರು ಏನು ಮಾಡಿದರೆಂದು ಪತ್ತೆ ಹಚ್ಚುವುದು ಹೇಗೆ?

ಈಗ ನಾವು ಮಾಡಿರುವುದಿಷ್ಟು. ಸರ್ವರ್‌ನಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಖಾತೆ. ಮೂರೂ ಬಗೆಯ ಕಂಪ್ಯೂಟರ್‌ಗಳಿಂದ ಸಾಂಬಾ ಮೂಲಕವೇ ಪ್ರವೇಶ. ಸಮೀಕ್ಷೆಯವರದ್ದೇ ಒಂದು ಗುಂಪು. ಫೋಲ್ಡರ್‌ಗಳಿಗೆ 2770, ಹಳೆಯ ಫೈಲ್‌ಗಳಿಗೆ 660. ಮುಂದಿರುವ 2 ಇದ್ದರೆ ಅಲ್ಲಿ ಹುಟ್ಟುವ ಹೊಸ ಫೈಲ್ ತಾನಾಗಿ ಆ ಗುಂಪಿಗೇ ಸೇರುತ್ತೆ, ಕೊನೆಯ 0 ಹೊರಗಿನವರಿಗೆ ಬಾಗಿಲು ಮುಚ್ಚುತ್ತೆ. ಸಾಂಬಾದ 'ಕ್ರಿಯೇಟ್ ಮಾಸ್ಕ್' 0660, 'ಡೈರೆಕ್ಟರಿ ಮಾಸ್ಕ್' 2770. ವಾಲಂಟಿಯರ್‌ಗಳಿಗೆ ಹೆಸರು, ನಂಬರ್ ತೆಗೆದ ಪ್ರತಿ ಇರುವ ಬೇರೆ ಫೋಲ್ಡರ್. ಇದೆಲ್ಲದರ ಜೊತೆಗೆ ದಿನದ ಬ್ಯಾಕಪ್, ಯಾಕಂದ್ರೆ ಅನುಮತಿ ಇದ್ದವರ ಕೈಯೂ ತಪ್ಪುತ್ತೆ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪನ್ನು ಉಲ್ಲೇಖಿಸಿ ಸರ್ಕಾರವನ್ನು ಪ್ರಶ್ನಿಸುವ ನಾವು, ನಮ್ಮನ್ನು ನಂಬಿ ನಂಬರ್ ಕೊಟ್ಟವರ ಫೈಲನ್ನು 777ರಲ್ಲಿ ಇಟ್ಟರೆ ಹೇಗೆ?

ನಿಮ್ಮ ಸಂಘಟನೆಯಲ್ಲೂ ಇಂಥ ಸರ್ವರ್ ಇದ್ದರೆ ಇವತ್ತೇ ವಾಲಂಟಿಯರ್ ಖಾತೆಯಿಂದ ಲಾಗಿನ್ ಆಗಿ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ. ಒಂದು ಪರೀಕ್ಷಾ ಫೈಲ್ ಇಟ್ಟು, ತೆರೆದು, ಅಳಿಸಲು ಯತ್ನಿಸಿ. ಆ ಅಕ್ಕನ ಪ್ರಶ್ನೆಗೆ ಈಗ ನನ್ನ ಬಳಿ ಉತ್ತರವಿದೆ: ಐದು ಜನ, ಹೆಸರು ಸಮೇತ.