ಹವ್ಯಾಸಿಯ ವಾಲ್ವು ವರ್ಧಕ

1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು, ಅದೇ ‘ಆಕಾಶವಾಣಿ’ ಎನಿಸಿತು ಎಂಬುದು ಕನ್ನಡ ನಾಡಿನಲ್ಲಿ ಬಹುಮಂದಿ ಬಲ್ಲ ಸಂಗತಿ. ಆ ಕೇಂದ್ರದ ಪ್ರೇಷಕ ಯಂತ್ರದ ಶಕ್ತಿ ಮೊದಲಿಗೆ ಕೇವಲ 30 ವ್ಯಾಟು ಎಂಬುದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಹಿಂದೆ ನಮ್ಮ ಹಜಾರಗಳಲ್ಲಿ ಉರಿಯುತ್ತಿದ್ದ ಮಂಕು ದೀಪದ ಶಕ್ತಿಯೂ ಹೆಚ್ಚು ಕಡಮೆ ಅಷ್ಟೇ. ಅಷ್ಟು ಶಕ್ತಿಯನ್ನು ಆಕಾಶಕ್ಕೆ ಏರಿಸಬಲ್ಲ ಯಂತ್ರವನ್ನು ಒಬ್ಬ ಮನುಷ್ಯ ತನ್ನ ಮನೆಯ ಮೂಲೆಯ ಮೇಜಿನ ಮೇಲೆ, ತನ್ನ ಕೈಯಿಂದಲೇ ಕಟ್ಟಿಕೊಳ್ಳಬಹುದು. ಪರವಾನಗಿ ಪಡೆದು ಹಾಗೆ ಕಟ್ಟಿಕೊಳ್ಳುವವರನ್ನೇ ಹವ್ಯಾಸಿ ರೇಡಿಯೋದವರು, ಲೋಕರೂಢಿಯಲ್ಲಿ ‘ಹ್ಯಾಮ್’ಗಳು ಎನ್ನುತ್ತಾರೆ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯವೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಛಂದಸ್ಸಿನ ಪುಸ್ತಕ ತೆರೆಯುವ ಮೊದಲೇ ನಾನು ಬೆಸುಗೆಯ ಕಡ್ಡಿಯನ್ನು ಹಿಡಿದಿದ್ದೆ.

ಮೊದಲಿಗೆ ಹೆಸರಿನ ಮಾತು. ಪಠ್ಯಪುಸ್ತಕಗಳು ಇದನ್ನು ‘ನಿರ್ವಾತ ನಳಿಕೆ’ ಎನ್ನುತ್ತವೆ. ಪದವೇನೋ ಸೊಗಸಾಗಿದೆ, ಆದರೆ ಅಂಗಡಿಯಲ್ಲಿ ಕೇಳಿದರೆ ಸಿಗುವುದಿಲ್ಲ. ಅಲ್ಲಿ ಅದು ‘ವಾಲ್ವು’. ಅಮೆರಿಕದವರು ಕೊಳವೆ ಎಂದರು, ಇಂಗ್ಲೆಂಡಿನವರು ಕವಾಟ ಎಂದರು. ನಮ್ಮೂರಿನಲ್ಲಿ ನಲ್ಲಿ ನೀರು ಬಿಡುವಾತನೂ ವಾಲ್ವ್‌ಮನ್ನೇ ಆದುದರಿಂದ ಇಂಗ್ಲೆಂಡಿನವರ ಹೆಸರೇ ನಮಗೆ ಹತ್ತಿರ. 1904ರಲ್ಲಿ ಲಂಡನ್ನಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ರಚಿಸಿದ ಮೊದಲ ವಾಲ್ವಿನಲ್ಲಿ ಇದ್ದುದು ಎರಡೇ ಅಂಗ: ಕಾದು ಕೆಂಪಾಗುವ ತಂತಿ, ಅದರೆದುರು ಲೋಹದ ತಗಡು. ಕಾದ ತಂತಿಯಿಂದ ಇಲೆಕ್ಟ್ರಾನುಗಳು ಹೊರಬಿದ್ದು ಧನವಿದ್ಯುತ್ತುಳ್ಳ ತಗಡಿನ ಕಡೆಗೆ ಹರಿಯುತ್ತವೆ; ಎದುರು ದಿಕ್ಕಿನಲ್ಲಿ ಹರಿಯಲಾರವು. ಒಂದೇ ದಿಕ್ಕಿಗೆ ದಾರಿ ಬಿಡುವುದರಿಂದ ಕವಾಟವೆಂಬ ಹೆಸರು ಒಪ್ಪುತ್ತದೆ. ಎರಡು ವರ್ಷದ ತರುವಾಯ ಅಮೆರಿಕದ ಲೀ ಡಿ ಫಾರೆಸ್ಟ್ ಆ ಎರಡರ ನಡುವೆ ತಂತಿಯ ಮೂರನೆಯ ಅಂಗವೊಂದನ್ನು, ಅಂದರೆ ಗ್ರಿಡ್ಡನ್ನು, ಸೇರಿಸಿದ. ಬರಿಯ ಕವಾಟವಾಗಿದ್ದುದು ಆಗ ಕೆರೆಯ ತೂಬಾಯಿತು. ತೂಬನ್ನು ಎತ್ತಲು ಒಂದು ಕೈಯ ಬಲ ಸಾಕು. ಹೊರಡುವ ನೀರಾದರೋ ಇಡೀ ಗದ್ದೆಯ ಬಯಲನ್ನು ತಣಿಸುತ್ತದೆ. ಗ್ರಿಡ್ಡಿನ ಮೇಲೆ ಅಲ್ಪ ವೋಲ್ಟೇಜು ಏರಿಳಿದರೆ ತಗಡಿನತ್ತ ಹರಿಯುವ ದೊಡ್ಡ ಪ್ರವಾಹವೂ ಅದರಂತೆಯೇ ಏರಿಳಿಯುತ್ತದೆ. ವರ್ಧಕವೆಂದರೆ ಇದೇ. ಶಕ್ತಿಯನ್ನು ವಾಲ್ವು ಹುಟ್ಟಿಸುವುದಿಲ್ಲ. ಕೆರೆಯಲ್ಲಿ ತುಂಬಿಟ್ಟ ನೀರನ್ನು ಲೆಕ್ಕವಾಗಿ ಬಿಡುತ್ತದೆ.

ಹವ್ಯಾಸಿಗಳ ಪಾಲಿಗೆ ಬಹುಕಾಲ ಕಾಮಧೇನುವಾಗಿದ್ದುದು 807 ಎಂಬ ವಾಲ್ವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಪ್ರೇಷಕ ಯಂತ್ರಗಳಿಗಾಗಿ ಇದು ಅಪಾರ ಸಂಖ್ಯೆಯಲ್ಲಿ ತಯಾರಾಯಿತು. ಯುದ್ಧ ಮುಗಿದ ಮೇಲೆ ದಶಕಗಳ ಕಾಲ ಗುಜರಿ ಅಂಗಡಿಗಳ ಬುಟ್ಟಿಗಳಲ್ಲಿ ಬಿದ್ದಿರುತ್ತಿತ್ತು. ನನ್ನ ಮೊದಲ ವರ್ಧಕದ 807ನ್ನು 1980ರ ಸುಮಾರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ, ಹಳೆಯ ಕಾಗದ ಸುತ್ತಿದ್ದ ಪೊಟ್ಟಣದಿಂದ ಆಯ್ದುಕೊಂಡೆ. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಗಾಜಿನ ಬುರುಡೆ. ಬುಡದಲ್ಲಿ ಐದು ಕಾಲು, ನೆತ್ತಿಯ ಮೇಲೆ ಲೋಹದ ಪುಟ್ಟ ಟೋಪಿ. ಪ್ಲೇಟಿನ ತಂತಿ ಬುಡದಲ್ಲಿ ಉಳಿದವುಗಳ ಜೊತೆ ಸೇರದೆ ನೆತ್ತಿಯಿಂದ ಹೊರಬರುವುದು ಅಲಂಕಾರಕ್ಕಲ್ಲ. ಪ್ಲೇಟೂ ಗ್ರಿಡ್ಡೂ ಆದಷ್ಟು ದೂರ ಇರಲಿ ಎಂದು. ಆ ದೂರದ ಮಹತ್ವ ಮುಂದೆ ತಿಳಿಯುತ್ತದೆ.

ಈಗ ಸ್ವಲ್ಪ ಲೆಕ್ಕ. ಪ್ಲೇಟಿಗೆ 600 ವೋಲ್ಟು ಕೊಟ್ಟು 100 ಮಿಲಿಆಂಪಿಯರ್ ಪ್ರವಾಹ ಹರಿಯಿಸಿದರೆ ಒಳಹೋಗುವ ಶಕ್ತಿ 60 ವ್ಯಾಟು. ಎಲ್ಲವೂ ಸರಿಯಾಗಿದ್ದರೆ ಅದರಲ್ಲಿ 40 ವ್ಯಾಟು ಏರಿಯಲ್ಲಿಗೆ ಹೋಗುತ್ತದೆ, ಉಳಿದ 20 ವ್ಯಾಟು ಪ್ಲೇಟಿನಲ್ಲಿ ಶಾಖವಾಗಿ ಕಳೆಯುತ್ತದೆ. 807ರ ಪ್ಲೇಟು ತಾಳಬಲ್ಲದ್ದು ಸುಮಾರು 25 ವ್ಯಾಟಿನ ಶಾಖ. ಏರಿಯಲ್ಲಿಗೆ ದಾರಿ ಸರಿಯಿಲ್ಲದಿದ್ದರೆ 60 ವ್ಯಾಟೂ ಪ್ಲೇಟಿನ ಮೇಲೇ ಬಿದ್ದು, ಕೆಲವೇ ಕ್ಷಣಗಳಲ್ಲಿ ಅದು ಕೆಂಡವಾಗುತ್ತದೆ. ದಾರಿ ಮಾಡಿಕೊಡುವ ಅಂಗವೇ ಪೈ ಜಾಲ: ಒಂದು ಸುರುಳಿ, ಅದರ ಎರಡು ತುದಿಗೂ ಒಂದೊಂದು ತಿರುಗಿಸುವ ಕಂಡೆನ್ಸರ್. ಗ್ರೀಕರ ಪೈ ಅಕ್ಷರದಂತೆ ಚಿತ್ರದಲ್ಲಿ ಕಾಣುವುದರಿಂದ ಈ ಹೆಸರು. ನಮ್ಮ ಲೆಕ್ಕದ ವಾಲ್ವು ಬಯಸುವುದು ಸುಮಾರು 3000 ಓಮಿನ ಹೊರೆಯನ್ನು. ಏರಿಯಲ್ಲಿನ ಕೇಬಲ್ಲಿನದು 50 ಅಥವಾ 75 ಓಮು. ಈ ಅಜಗಜಾಂತರವನ್ನು ಹೊಂದಿಸುವುದು ಪೈ ಜಾಲದ ಕೆಲಸ. ಮೊದಲ ಕಂಡೆನ್ಸರನ್ನು ತಿರುಗಿಸುತ್ತ ಹೋದಾಗ ಪ್ಲೇಟಿನ ಮೀಟರಿನ ಮುಳ್ಳು ಒಂದು ಸ್ಥಾನದಲ್ಲಿ ತಟ್ಟನೆ ಕೆಳಗಿಳಿಯುತ್ತದೆ, ಅನುರಣನವೆಂದರೆ ಅದೇ. ಉಯ್ಯಾಲೆಯನ್ನು ಸರಿಯಾದ ಕ್ಷಣದಲ್ಲಿ ತಳ್ಳಿದರೆ ಬೆರಳಿನ ಬಲ ಸಾಕಾಗುವಂತೆ, ಅನುರಣನದಲ್ಲಿ ವಾಲ್ವಿನ ಶ್ರಮ ಕಡಮೆ. ಅನಂತರ ಎರಡನೆಯ ಕಂಡೆನ್ಸರಿನಿಂದ ಹೊರೆಯನ್ನು ಸ್ವಲ್ಪ ಏರಿಸಬೇಕು, ಮತ್ತೆ ಮೊದಲನೆಯದರಿಂದ ಮುಳ್ಳನ್ನು ಇಳಿಸಬೇಕು. ಹೀಗೆ ನಾಲ್ಕಾರು ಸಲ.

ಕಟ್ಟುವ ಕೆಲಸದಲ್ಲಿ ನಕ್ಷೆಗಿಂತ ಸ್ಥಳವಿನ್ಯಾಸವೇ ಮುಖ್ಯ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ನಕ್ಷೆಯಲ್ಲಿ ಗೆರೆ ಎಷ್ಟು ಉದ್ದವಾದರೂ ಗೆರೆಯೇ. ಯಂತ್ರದಲ್ಲಿ ಮೂರಂಗುಲದ ತಂತಿಯೂ ಎತ್ತರದ ಕಂಪನಾಂಕಗಳಲ್ಲಿ ಒಂದು ಸುರುಳಿಯಾಗಿ ವರ್ತಿಸುತ್ತದೆ. ಆದುದರಿಂದ ಅಲ್ಯುಮಿನಿಯಮ್ ಚಾಸಿಯ ಕೆಳಗಡೆ ಗ್ರಿಡ್ಡಿನ ಭಾಗ, ಮೇಲುಗಡೆ ಪ್ಲೇಟಿನ ಭಾಗ. ನಡುವೆ ಲೋಹದ ಅಡ್ಡಗೋಡೆ. ಸ್ಕ್ರೀನಿನಿಂದ ನೆಲಕ್ಕೆ ಹೋಗುವ ಕಂಡೆನ್ಸರನ್ನು ಸಾಕೆಟ್ಟಿನ ಕಾಲಿನಲ್ಲೇ, ಅದರ ತಂತಿಗಳನ್ನು ಆದಷ್ಟು ಗಿಡ್ಡ ಮಾಡಿ ಬೆಸೆಯಬೇಕು. ನೋಟಕ್ಕೆ ಅಂದವಾಗಲೆಂದು ತಂತಿಗಳನ್ನೆಲ್ಲ ಒಂದೇ ಕಂತೆ ಕಟ್ಟಿ ಮೂಲೆಗುಂಟ ಹಾಯಿಸುವವರುಂಟು. ಅಂಥ ಅಂದವಾದ ಯಂತ್ರಗಳನ್ನು ರಿಪೇರಿ ಮಾಡಲು ನನ್ನಲ್ಲಿಗೆ ತಂದವರಿಗೆ ಮೊದಲು ಕಂತೆಯನ್ನೇ ಬಿಚ್ಚಿಸಿದ್ದೇನೆ.

ವಿದ್ಯುತ್ ಪೂರೈಕೆಯ ಭಾಗದ ಬಗ್ಗೆ ತುಸು ನಿಧಾನವಾಗಿ ಹೇಳಬೇಕು. ಟ್ರಾನ್ಸ್‌ಫಾರ್ಮರು, ರೆಕ್ಟಿಫೈಯರು, ಚೋಕು, ದೊಡ್ಡ ಕಂಡೆನ್ಸರು, ಇವೆಲ್ಲದರ ಕೊನೆಗೆ ಬ್ಲೀಡರ್ ಎಂಬ ಒಂದು ರೆಸಿಸ್ಟರು. ಸ್ವಿಚ್ಚು ಆರಿಸಿದ ಮೇಲೆ ಕಂಡೆನ್ಸರಿನಲ್ಲಿ ಉಳಿದ ವಿದ್ಯುತ್ತನ್ನು ಸೋರಿಸಿ ಬರಿದು ಮಾಡುವುದು ಅದರ ಕೆಲಸ. ನಾನು ಹಾಕಿದ್ದುದು 50,000 ಓಮಿನದು. 600 ವೋಲ್ಟಿನಲ್ಲಿ ಅದು ಹಗಲಿರುಳೂ ತಾಳಬೇಕಾದ ಶಾಖ 7.2 ವ್ಯಾಟು, ನಾನು ಆರಿಸಿದ್ದುದು 10 ವ್ಯಾಟಿನದು. ಲೆಕ್ಕಕ್ಕೆ ಸಾಕು ಎಂದುಕೊಂಡೆ. ಆದರೆ ಅದನ್ನು ಕೂರಿಸಿದ್ದುದು ಗಾಳಿಯಾಡದ ಚಾಸಿಯ ಅಡಿಯಲ್ಲಿ. ಕೆಲವು ತಿಂಗಳಲ್ಲಿ ಅದು ಒಳಗೇ ಸುಟ್ಟು ತುಂಡಾಯಿತು. ತುಂಡಾದುದು ನನಗೆ ತಿಳಿಯಲಿಲ್ಲ. ಏಕೆಂದರೆ ಬ್ಲೀಡರಿಲ್ಲದೆಯೂ ವರ್ಧಕ ಮೊದಲಿನಂತೆಯೇ ಕೆಲಸ ಮಾಡುತ್ತದೆ. ಉಳಿದ ಯಾವ ಅಂಗ ಕೆಟ್ಟರೂ ಯಂತ್ರ ಕೂಗಿ ಹೇಳುತ್ತದೆ. ಪ್ರಾಣ ಕಾಯುವ ಅಂಗ ಕೆಟ್ಟಾಗ ಮಾತ್ರ ಮೌನ.

ಒಂದು ಸಂಜೆ ವಾಲ್ವನ್ನು ಕಳಚಿಟ್ಟು, ಸಾಕೆಟ್ಟಿನಲ್ಲಿ ಗ್ರಿಡ್ಡಿನ ಋಣ ವೋಲ್ಟೇಜನ್ನು ಅಳೆದೆ. ಸ್ವಿಚ್ಚು ಆರಿಸಿ, ಪ್ಲಗ್ಗನ್ನೂ ಕಿತ್ತು ಕಾಫಿಗೆಂದು ಒಳಗೆ ಹೋದೆ. ‘ಅಣ್ಣಾ, ವಾಲ್ವು ನಾನೇ ಕೂರಿಸುತ್ತೇನೆ’ ಎಂದ ನನ್ನ ತಮ್ಮ. ಪ್ಲಗ್ಗೇ ಕಿತ್ತಿದೆಯಲ್ಲ ಎಂದು ‘ಆಗಲಿ’ ಎಂದೆ. ಅವನು ಒಂದು ಕೈಯಲ್ಲಿ ಚಾಸಿಯನ್ನು ಹಿಡಿದು ಇನ್ನೊಂದರಿಂದ ನೆತ್ತಿಯ ಟೋಪಿಗೆ ಸಿಕ್ಕಿಸುವ ಕ್ಲಿಪ್ಪನ್ನು ಎತ್ತಿಕೊಂಡ. ಕೇಳಿಸಿದ್ದು ಕುರ್ಚಿ ಉರುಳಿದ ಸದ್ದು. ಓಡಿ ಬಂದು ನೋಡಿದರೆ ಗೋಡೆಗೆ ಒರಗಿ ಬಿದ್ದಿದ್ದಾನೆ; ಬಾಯಿ ತೆರೆದಿದೆ, ಮಾತಿಲ್ಲ. ನಾಲ್ಕೈದು ನಿಮಿಷದ ಮೇಲೆ ನೀರು ಕೇಳಿದ. ಬೆರಳ ತುದಿಯಲ್ಲಿ ಬಿಳಿಯ ಸುಟ್ಟ ಗುರುತು ಬಹಳ ದಿನ ಇತ್ತು. ಎಣ್ಣೆ ತುಂಬಿದ ಆ ಹಳೆಯ ಕಂಡೆನ್ಸರು 8 ಮೈಕ್ರೋಫ್ಯಾರಡಿನದು. ಸೋರುವ ದಾರಿಯಿಲ್ಲದಿದ್ದರೆ ಅಂಥದು ಗಂಟೆಗಟ್ಟಲೆ ತನ್ನ ಹೊರೆಯನ್ನು ಹಿಡಿದಿರಬಲ್ಲದೆಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅಮ್ಮ ಮೂರು ತಿಂಗಳು ಆ ಕೋಣೆಗೆ ಬೀಗ ಹಾಕಿಸಿದಳು. ಅದು ನ್ಯಾಯವೇ ಆಗಿತ್ತು.

ಅಂದಿನಿಂದ ನನ್ನ ಪದ್ಧತಿ ಹೀಗಿದೆ. ಬ್ಲೀಡರ್ ಒಂದಲ್ಲ, ಎರಡು. ಒಂದೊಂದೂ ಒಂದು ಲಕ್ಷ ಓಮಿನದು, 25 ವ್ಯಾಟಿನದು, ಅಕ್ಕಪಕ್ಕ ಜೋಡಿಸಿದ್ದು. ಒಂದು ಸತ್ತರೂ ಇನ್ನೊಂದು ಸೋರಿಸುತ್ತದೆ. ಪೂರೈಕೆಯ ವೋಲ್ಟೇಜನ್ನು ತೋರುವ ಮೀಟರು ಕಣ್ಣಿಗೆ ಕಾಣುವಲ್ಲೇ ಇರಬೇಕು. ಮುಚ್ಚಳ ತೆರೆಯುವ ಮುನ್ನ ಪ್ಲಗ್ಗು ಕೀಳುವುದಷ್ಟೇ ಸಾಲದು. ಒಣಗಿದ ಬಿದಿರಿನ ಕೋಲಿನ ತುದಿಗೆ ಲೋಹದ ಕೊಕ್ಕೆ ಕಟ್ಟಿ, ಕೊಕ್ಕೆಯಿಂದ ದಪ್ಪ ತಂತಿಯನ್ನು ಚಾಸಿಗೆ ಸೇರಿಸಿ, ಆ ಕೊಕ್ಕೆಯನ್ನು ಕಂಡೆನ್ಸರಿನ ಧನ ತುದಿಗೆ ಮುಟ್ಟಿಸಬೇಕು. ಕೆಲಸ ಮುಗಿಯುವತನಕ ಕೊಕ್ಕೆ ಅಲ್ಲೇ ತೂಗುತ್ತಿರಲಿ. ವಿದ್ಯುತ್ತು ಇರುವಾಗಲೇ ಅಳೆಯಬೇಕಾಗಿ ಬಂದರೆ ಎಡಗೈ ಜೇಬಿನಲ್ಲಿರಬೇಕು. ಪಂಚೆ ಉಟ್ಟವರು ಬೆನ್ನ ಹಿಂದೆ ಇಟ್ಟುಕೊಳ್ಳಲಿ.

ದೋಷವನ್ನು ಹುಡುಕುವಾಗ ಮೊದಲು ಮೀಟರನ್ನು ಎತ್ತಿಕೊಳ್ಳಬೇಕಾದ ಅಗತ್ಯವಿಲ್ಲ. ವಾಲ್ವಿನ ದೊಡ್ಡ ಉಪಕಾರವೆಂದರೆ ಅದು ಪಾರದರ್ಶಕ. ತನ್ನ ರೋಗವನ್ನು ಬಣ್ಣದಲ್ಲಿ ಹೇಳುತ್ತದೆ. ಒಳಗೆ ಹೀಟರಿನ ಕಿತ್ತಳೆ ಬಣ್ಣ ಕಾಣದಿದ್ದರೆ 6.3 ವೋಲ್ಟು ಬರುತ್ತಿಲ್ಲ, ಇಲ್ಲವೆ ಹೀಟರು ತುಂಡಾಗಿದೆ. ಗಾಜಿನ ಒಳಮೈಗೆ ಅಂಟಿದಂತೆ ತಿಳಿನೀಲಿಯ ಬೆಳಕು ಆಡುತ್ತಿದ್ದರೆ ಹೆದರಬೇಕಾಗಿಲ್ಲ. ತಪ್ಪಿಸಿಕೊಂಡ ಇಲೆಕ್ಟ್ರಾನುಗಳು ಗಾಜಿಗೆ ಬಡಿದಾಗ ಹಾಗಾಗುತ್ತದೆ. ಅದೇ ಬೆಳಕು ನಸುಗೆಂಪು ಮಿಶ್ರಿತ ನೇರಳೆಯಾಗಿ ಪ್ಲೇಟು ಗ್ರಿಡ್ಡುಗಳ ನಡುವಿನ ಅವಕಾಶವನ್ನೇ ತುಂಬಿಕೊಂಡರೆ ಒಳಗೆ ಅನಿಲ ಸೇರಿದೆ. ಆ ವಾಲ್ವಿನ ಆಯುಸ್ಸು ಮುಗಿಯಿತು. ಬುರುಡೆಯ ಒಳಮೈಯ ಕನ್ನಡಿಯಂಥ ಬೆಳ್ಳಿಯ ಪಟ್ಟೆ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿಯೇ ನುಗ್ಗಿದೆ. ಹಚ್ಚಿ ನೋಡುವ ಶ್ರಮವೂ ಬೇಡ. ಪ್ಲೇಟು ಕೆಂಪಾದರೆ ಮೂರು ಕಾರಣಗಳನ್ನು ಶಂಕಿಸಬೇಕು: ಅನುರಣನ ತಪ್ಪಿದೆ, ಗ್ರಿಡ್ಡಿನ ಋಣ ವೋಲ್ಟೇಜು ಇಲ್ಲವಾಗಿದೆ, ಇಲ್ಲವೆ ವಾಲ್ವು ತನ್ನಷ್ಟಕ್ಕೆ ತಾನೇ ಹಾಡತೊಡಗಿದೆ. ಎರಡನೆಯದು ಹಳೆಯ ಸರಳ ನಕ್ಷೆಗಳ ಪಿಡುಗು. ಅವುಗಳಲ್ಲಿ ಋಣ ವೋಲ್ಟೇಜು ಹುಟ್ಟುವುದು ಹಿಂದಿನ ಹಂತದಿಂದ ಬರುವ ಸಂಕೇತದಿಂದಲೇ. ಸಂಕೇತ ನಿಂತೊಡನೆ ತೂಬು ಪೂರ್ತಿ ತೆರೆದುಕೊಳ್ಳುತ್ತದೆ. ಅದಕ್ಕೆ ಪ್ರತ್ಯೇಕವಾದ ಋಣ ಪೂರೈಕೆಯೊಂದನ್ನು ಇಡುವುದೇ ಮದ್ದು.

ಮೂರನೆಯದು ಎಲ್ಲಕ್ಕಿಂತ ಕಪಟಿ. 807ರಲ್ಲಿ ಪ್ಲೇಟಿಗೂ ಗ್ರಿಡ್ಡಿಗೂ ಇರುವ ಧಾರಣೆ ಒಂದು ಪಿಕೋಫ್ಯಾರಡಿನ ಐದನೆಯ ಒಂದು ಭಾಗದಷ್ಟು ಮಾತ್ರ. ಆ ಕಿರುಗಂಡಿಯಿಂದಲೂ ವರ್ಧಿತ ಶಕ್ತಿಯ ಒಂದಂಶ ಹಿಂದಿರುಗಿ ಗ್ರಿಡ್ಡನ್ನು ಸೇರಿ, ಮತ್ತೆ ವರ್ಧಿಸಿ, ಹೊರಗಿನ ಪ್ರೇರಣೆಯಿಲ್ಲದೆಯೇ ಆಂದೋಲನ ಸಾಗಬಹುದು. ಸಭೆಯಲ್ಲಿ ಧ್ವನಿವರ್ಧಕ ಕಿರುಚುವಂತೆಯೇ ಇದು. ಆದರೆ ಕಿವಿಗೆ ಕೇಳಿಸದು. ಕಂಡುಹಿಡಿಯುವ ಬಗೆ ಹೀಗೆ: ಸಂಕೇತವನ್ನು ಪೂರ್ತಿ ತೆಗೆದು, ಪ್ಲೇಟಿಗೆ ಅಲ್ಪ ಪ್ರವಾಹ ಹರಿಯುವಷ್ಟು ಮಾತ್ರ ಋಣ ವೋಲ್ಟೇಜನ್ನು ತಗ್ಗಿಸಿ, ಕಂಡೆನ್ಸರುಗಳನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಬೇಕು. ಎಲ್ಲಾದರೂ ಪ್ಲೇಟಿನ ಪ್ರವಾಹ ಜಿಗಿದರೆ ಅಥವಾ ಗ್ರಿಡ್ಡಿನ ಮೀಟರು ಅಲುಗಿದರೆ ಕಳ್ಳ ಸಿಕ್ಕಿದ. ಒಣಗೋಲಿನ ತುದಿಗೆ ಕಟ್ಟಿದ ಪುಟ್ಟ ನಿಯಾನ್ ದೀಪವನ್ನು ಪ್ಲೇಟಿನ ಬಳಿ ಹಿಡಿದರೆ ಅದು ಹೊತ್ತಿಕೊಂಡೂ ಸಾಕ್ಷಿ ಹೇಳುತ್ತದೆ. ಆಂದೋಲನ ಬಹು ಎತ್ತರದ ಕಂಪನಾಂಕದ್ದಾದರೆ ಪ್ಲೇಟಿನ ತಂತಿಯಲ್ಲೇ 47 ಅಥವಾ 100 ಓಮಿನ ಕಾರ್ಬನ್ ರೆಸಿಸ್ಟರಿನ ಮೇಲೆ ನಾಲ್ಕೈದು ಸುತ್ತು ತಂತಿ ಸುತ್ತಿ ಸೇರಿಸಬೇಕು. ತಂತಿ ಸುತ್ತಿ ಮಾಡಿದ ರೆಸಿಸ್ಟರು ಇಲ್ಲಿ ಒದಗದು. ಅದೇ ಒಂದು ಸುರುಳಿ. ಕೆಲಸದ ಕಂಪನಾಂಕದಲ್ಲೇ ಆಂದೋಲನವಿದ್ದರೆ, ಹಿಂದಿರುಗುವ ಶಕ್ತಿಗೆ ಸರಿಸಮನಾಗಿ ವಿರುದ್ಧ ಹಂತದ ಶಕ್ತಿಯನ್ನು ಪುಟ್ಟ ಕಂಡೆನ್ಸರೊಂದರಿಂದ ಗ್ರಿಡ್ಡಿಗೆ ಕೊಟ್ಟು ಅದನ್ನು ಅಳಿಸಬೇಕು. ಅಳಿಸಿದುದು ಸರಿಯಾಗಿದೆಯೆಂಬುದಕ್ಕೆ ಗುರುತು: ಪ್ಲೇಟಿನ ಪ್ರವಾಹ ಅತಿ ಕಡಮೆಯಾಗುವ ಬಿಂದುವಿನಲ್ಲೇ ಹೊರಬರುವ ಶಕ್ತಿ ಅತಿ ಹೆಚ್ಚಾಗಿರಬೇಕು. ಎರಡೂ ಬೇರೆ ಬೇರೆ ಬಿಂದುಗಳಲ್ಲಿ ಬಂದರೆ ಕೆಲಸ ಇನ್ನೂ ಉಳಿದಿದೆ.

ಈ ಪರೀಕ್ಷೆಗಳನ್ನೆಲ್ಲ ಏರಿಯಲ್ಲಿಗೆ ಜೋಡಿಸಿ ಮಾಡಬಾರದು. ನೆರೆಹೊರೆಯ ರೇಡಿಯೋಗಳಿಗೂ ದೂರದ ಕೇಂದ್ರಗಳಿಗೂ ಅದು ಉಪದ್ರವ. ಹಿಂದೆ ನಾವು 40 ವ್ಯಾಟಿನ ತಂತಿಯ ಬಲ್ಬನ್ನೇ ಹೊರೆಯಾಗಿ ಜೋಡಿಸುತ್ತಿದ್ದೆವು. ಅದು ಕಾದಂತೆಲ್ಲ ಅದರ ಓಮು ಬದಲಾಗುವುದರಿಂದ ಅಳತೆಗೆ ತಕ್ಕುದಲ್ಲ. ಕಾರ್ಬನ್ ರೆಸಿಸ್ಟರುಗಳನ್ನು ಕೂಡಿಸಿ ಮಾಡಿದ 50 ಓಮಿನ ಹೊರೆ ಮೇಲು. ಆದರೂ ಬಲ್ಬು ನಿಧಾನವಾಗಿ ಬೆಳಗುವುದನ್ನು ನೋಡುವ ಸುಖವನ್ನು ರೆಸಿಸ್ಟರು ಕೊಡದು.

ಇಂದು ಅಷ್ಟೇ ಶಕ್ತಿಯನ್ನು ಉಗುರಿನಷ್ಟು ದೊಡ್ಡ ಟ್ರಾನ್ಸಿಸ್ಟರು ಕೊಡುತ್ತದೆ. ಏರಿಯಲ್ಲು ಕಳಚಿದ ಒಂದು ಕ್ಷಣದಲ್ಲೇ ಅದು ಸಾಯಲೂಬಹುದು. ವಾಲ್ವಾದರೆ ಕೆಂಪಾಗಿ, ಸ್ವಿಚ್ಚು ಆರಿಸಲು ನಮಗೆ ನಾಲ್ಕು ಕ್ಷಣದ ಅವಕಾಶ ಕೊಡುತ್ತದೆ. ಹಳೆಯ 807 ಗುಜರಿಯಲ್ಲಿ ಕಣ್ಣಿಗೆ ಬಿದ್ದರೆ ಬೆಳ್ಳಿಯ ಪಟ್ಟೆ ಹೊಳೆಯುತ್ತಿದೆಯೇ, ನೆತ್ತಿಯ ಟೋಪಿ ಅಲುಗಾಡದೆ ಇದೆಯೇ, ಗಾಜು ಬುಡದಿಂದ ಸಡಿಲವಾಗಿಲ್ಲವೇ ಎಂದು ನೋಡಿ ಕೊಳ್ಳಿರಿ. ಜೊತೆಗೆ ಸೆರಾಮಿಕ್ಕಿನ ಐದು ಕಾಲಿನ ಸಾಕೆಟ್ಟನ್ನೂ ಅಂದೇ ಕೇಳಿ ತೆಗೆದುಕೊಳ್ಳಿ. ವಾಲ್ವು ಸಿಕ್ಕುತ್ತದೆ, ಸಾಕೆಟ್ಟು ಮತ್ತೆ ಹುಡುಕಿದರೆ ಸಿಕ್ಕುವುದಿಲ್ಲ.